ಕುಬಸದ ತನಕ ಕಾಯಬ್ಯಾಡ

ನೋಡವ್ವಾ, ಲಗ್ನ ಆಗಿ ದುಂಡಸಿಗೆ ಬಂದೀದಿ. ನಾಳೆ ನಾಡದ ಕೂಸಿನ ಮಾತು ಬಂದ ಬರತೈತಿ. ಅದಕ್ಕ ಈಗ ಹೇಳಾಕತ್ತೀನಿ. ಮುಟ್ಟು ನಿಂತ ಮ್ಯಾಲೆ ಹೇಳಿದ್ರ ಅರ್ಧ ತಡ ಆಗಿರತೈತಿ.

ನಮ್ಮ ಕಡೆ ಬಸುರಿಗೆ ಉಣಿಸೋ ಸಂಭ್ರಮ ಎಲ್ಲಾ ಕುಬಸದಾಗ. ಐದನೇ ತಿಂಗಳೋ ಏಳನೇದೋ, ಹಸರ ಸೀರಿ, ಹಸರ ಬಳಿ, ಬುತ್ತಿ ತಗೊಂಡು ಬರೋ ತವರಿನವರು. ಚಲೋನ ಪದ್ಧತಿ. ಆದ್ರ ಕೂಸಿನ ಮಿದುಳು, ಬೆನ್ನುಹುರಿ ಆಗೋ ನರದ ಕೊಳವಿ ಗರ್ಭ ನಿಂತ 28 ದಿನದಾಗ ಮುಚ್ಚಿಕೊಂಡಿರತೈತಿ. ಆವಾಗ ಬಾಳ ಮಂದಿಗೆ ತಾವು ಬಸುರಿ ಅಂತನೂ ಗೊತ್ತಿರೂದಿಲ್ಲ. ಅದು ಸರಿಯಾಗಿ ಮುಚ್ಚಾಕ ಫೋಲಿಕ್ ಆಸಿಡ್ ಬೇಕು. ಕೂಸು ಬೇಕಂತ ಗಂಡ ಹೆಂಡತಿ ನಿಶ್ಚಯ ಮಾಡಿದ ದಿನದಿಂದನ, ದಿನಕ್ಕ 400 ಮೈಕ್ರೊಗ್ರಾಂ ಗುಳಿಗಿ ಶುರು ಮಾಡು. ಮೊದಲಿನ ಕೂಸಿಗೆ ಬೆನ್ನುಹುರಿ ದೋಷ ಇತ್ತಂದ್ರ, ಇಲ್ಲಾ ಮೂರ್ಛೆರೋಗದ ಗುಳಿಗಿ ನಡದಿದ್ರ, ಎಷ್ಟು ಬೇಕಂತ ಡಾಕ್ಟರ್‌ನ್ನ ಕೇಳಬೇಕು.

ಇದು ಬರೇ ಹುಟ್ಟೋ ತನಕದ ಲೆಕ್ಕ ಅಲ್ಲ. 1997-98ರಾಗ ಮೈಸೂರಿನ ಹೋಲ್ಡ್ಸ್‌ವರ್ತ್ ಮಿಶನ್ ಆಸ್ಪತ್ರ್ಯಾಗ ಬಸುರಿಯರ ರಕ್ತ ತಪಾಸ ಮಾಡಿ, ಮುಂದ ಅವರ ಮಕ್ಕಳ ಬೆಳವಣಿಗಿನ ವರ್ಷಗಟ್ಟಲೆ ನೋಡಿದ್ರು. ತಾಯಿ ರಕ್ತದಾಗ ಫೋಲೇಟ್ (ಫೋಲಿಕ್ ಆಸಿಡ್ ಜಾತಿಯ ವಿಟಮಿನ್) ಚಲೋ ಇದ್ದ ಮಕ್ಕಳು 9-10 ವಯಸ್ಸಿಗೆ ಕಲಿಕಿ, ನೆನಪಿನ ಪರೀಕ್ಷ್ಯಾಗ ಮುಂದ ಇದ್ದರು. ಡಿ ವಿಟಮಿನ್ ಕಡಿಮಿ ಇದ್ದ ತಾಯಂದ್ರ ಮಕ್ಕಳಿಗೆ ತೋಳಿನ ಮಾಂಸಖಂಡ ಕಡಿಮಿ ಇತ್ತು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಬಸುರಿಯರಿಗೆ ಬಿ12 ಕೊಟ್ಟು ನೋಡಿದಾಗ, ಅವರ ಮಕ್ಕಳು ಎರಡೂವರಿ ವರ್ಷಕ್ಕ ಮಾತಿನ್ಯಾಗ ಒಂಚೂರು ಮುಂದ ಇದ್ದರು. ಹಂಗಂತ ಗುಳಿಗಿ ನುಂಗಿದ್ರ ಜಾಣ ಕೂಸು ಹುಟ್ಟತೈತಿ ಅಂತ ತಿಳೀಬ್ಯಾಡ. ಕೂಸು ಬೆಳಿಯೂದು ಮನಿ, ಸಾಲಿ, ಪ್ರೀತಿ ಎಲ್ಲಾ ಸೇರಿ. ಕೊರತಿ ಇದ್ದಲ್ಲಿ ಕೊರತಿ ತುಂಬೂದಷ್ಟ ನಮ್ಮ ಕೈಯಾಗ ಐತಿ.

ರೊಟ್ಟಿ ಜೋಡಿ ಮೆಂತ್ಯೆಪಲ್ಯ, ಹಕ್ಕರಕಿ, ಹೆಸರುಕಾಳು, ಶೇಂಗಾ ಇರಲಿ. ಸೊಪ್ಪು ಬಾಳ ಹೊತ್ತು ಕುದಿಸಿ ನೀರು ಚೆಲ್ಲಿದ್ರ ಫೋಲೇಟ್ ಅದರ ಜೋಡಿನ ಹೋಗತೈತಿ. ಬಿ12 ಮಾತ್ರ ಕಾಳು ಕಡ್ಯಾಗ ಸಿಗೂದಿಲ್ಲ. ಹಾಲು, ಮೊಸರು ಬೇಕು. ತಿನ್ನೋರಾದ್ರ ತತ್ತಿನೂ ಆಗತೈತಿ. ಡಿ ವಿಟಮಿನ್‌ಗೆ ಮುಖ, ಕೈಗೆ ಬಿಸಲು ಬೀಳಲಿ.

ನಾಲ್ಕನೇ ತಿಂಗಳಿಂದ ಸರ್ಕಾರದವರು ಕೊಡೋ ಕೆಂಪು ಗುಳಿಗಿ 180 ದಿನ ತಪ್ಪಿಸಬ್ಯಾಡ. ಅದರಾಗ ಕಬ್ಬಿಣನೂ ಐತಿ, ಫೋಲಿಕ್ ಆಸಿಡ್ಡೂ ಐತಿ. ಚಹಾ, ಹಾಲಿನ ಜೋಡಿ ನುಂಗಬ್ಯಾಡ, ನಿಂಬಿಹಣ್ಣಿನ ಪಾನಕದ ಜೋಡಿ ನುಂಗು. ಕ್ಯಾಲ್ಸಿಯಂ ಗುಳಿಗಿ ಬ್ಯಾರೆ ಹೊತ್ತಿಗೆ ಇರಲಿ. ಸಂಡಾಸ ಕಪ್ಪಾದ್ರ ಅಂಜಬ್ಯಾಡ, ಅದು ಕಬ್ಬಿಣದ್ದು. ತಾಯಿ ಕಾರ್ಡ್ ಮಾಡಿಸು, ಅಂಗನವಾಡಿಯ ಮಾತೃಪೂರ್ಣ ಊಟಕ್ಕ ಹೋಗಾಕ ನಾಚಬ್ಯಾಡ. ಆದ್ರ ಶಕ್ತಿ ಬರತೈತಿ ಅಂತ ಔಷಧಿ ಅಂಗಡ್ಯಾಗ ಸಿಕ್ಕ ಸಿಕ್ಕ ವಿಟಮಿನ್ ತಂದು ನುಂಗಬ್ಯಾಡ. ಎ ವಿಟಮಿನ್ ಹೆಚ್ಚಾದ್ರ ಕೂಸಿಗೆ ಕೆಡಕು.

ನಿನ್ನ ನೆಗೆಣ್ಣಿಗೆ ಈಗ ಮೂರು ತಿಂಗಳು ಅಂತ ಕೇಳೀನಿ. ಅಕಿಗೂ ಹೇಳು: ಮೊದಲಿನ ದಿನ ಹೋದುವಂತ ಕೊರಗಬ್ಯಾಡ, ಮಿದುಳು ಇನ್ನೂ ಬೆಳಿಯಾಕತ್ತೈತಿ. ಇವತ್ತ ಆಶಾ ಅಕ್ಕನ್ನ ಕಂಡು ಫೋಲಿಕ್ ಆಸಿಡ್ ಗುಳಿಗಿ ತರಲಿ.