ನೀರಿನ ಸ್ನಿಗ್ಧತೆಗೆ ಯಾವ ಸಂಖ್ಯೆ ಕೊಡಬೇಕು?

ನಿಮ್ಮ ಮೆಶ್ ಚೆನ್ನಾಗಿದೆ, ಅದನ್ನು ಮತ್ತೆ ಕಟ್ಟುವ ಶ್ರಮ ಬೇಡ. ಓಪನ್‌ಫೋಮ್‌ನಲ್ಲಿ ‘ನ್ಯೂ’ ಎದುರು ನೀವು ಬರೆದಿರುವ 0.001 ನೋಡಿ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಿನ ಡೈನಾಮಿಕ್ ಸ್ನಿಗ್ಧತೆ ಸುಮಾರು 0.001 ಪ್ಯಾಸ್ಕಲ್-ಸೆಕೆಂಡ್, ನಿಜ. ಆದರೆ ಆ ಜಾಗದಲ್ಲಿ ಬೇಕಿರುವುದು ಕೈನೆಮ್ಯಾಟಿಕ್ ಸ್ನಿಗ್ಧತೆ. ಡೈನಾಮಿಕ್ ಸಂಖ್ಯೆಯನ್ನು ಸಾಂದ್ರತೆಯಿಂದ, ಅಂದರೆ ಸುಮಾರು 1000ದಿಂದ ಭಾಗಿಸಿ: ಸೆಕೆಂಡಿಗೆ 0.000001 ಚದರ ಮೀಟರ್.

ಈಗ ನಿಮ್ಮ ಪೈಪಿನಲ್ಲಿ ಹರಿಯುತ್ತಿರುವುದು ಹೆಚ್ಚುಕಡಿಮೆ ಹರಳೆಣ್ಣೆ! 25 ಮಿಲಿಮೀಟರ್ ವ್ಯಾಸ, ಸೆಕೆಂಡಿಗೆ 1 ಮೀಟರ್ ವೇಗ ಎಂದಿದ್ದೀರಿ. ರೆನಾಲ್ಡ್ಸ್ ಸಂಖ್ಯೆ 25,000 ಬರಬೇಕಾದಲ್ಲಿ 25 ಬಂದಿದೆ. ಪ್ರಕ್ಷುಬ್ಧವಾಗಿರಬೇಕಾದ ಹರಿವು ಶಾಂತವಾಗಿ ಪದರ ಪದರವಾಗಿ ಸಾಗುತ್ತಿರುವುದು ಅದಕ್ಕೇ.

ನೀವು ಬಳಸುತ್ತಿರುವ ಅಸಂಕುಚಿತ ಹರಿವಿನ ಸಾಲ್ವರ್ ಕೊಡುವ ಒತ್ತಡವೂ ಸಾಂದ್ರತೆಯಿಂದ ಭಾಗಿಸಿದ್ದೇ. ಪ್ಯಾಸ್ಕಲ್ ಬೇಕಿದ್ದರೆ ಸಾಂದ್ರತೆಯಿಂದ ಗುಣಿಸಿ.

ಉಷ್ಣಾಂಶವನ್ನು ಮರೆಯಬೇಡಿ. ಸೋಲಾರ್ ಹೀಟರ್‌ನಿಂದ ಬರುವ 60 ಡಿಗ್ರಿ ನೀರಿನ ಡೈನಾಮಿಕ್ ಸ್ನಿಗ್ಧತೆ ಸುಮಾರು 0.00047ಕ್ಕೆ, ಅಂದರೆ ಅರ್ಧಕ್ಕಿಂತಲೂ ಕೆಳಗೆ ಇಳಿದಿರುತ್ತದೆ. ತಣ್ಣೀರಿನ ಸಂಖ್ಯೆ ಅಲ್ಲಿ ನಡೆಯದು.

ಲೆಕ್ಕ ಸ್ಥಿರವಾಗಲಿ ಎಂದು ಸ್ನಿಗ್ಧತೆ ಏರಿಸಲು ಗೆಳೆಯರು ಹೇಳಿದ್ದಾರಂತೆ. ದಯವಿಟ್ಟು ಬೇಡ. ಬರುವ ಉತ್ತರ ನೀರಿನದಾಗಿರುವುದಿಲ್ಲ. ಟೈಮ್ ಸ್ಟೆಪ್ ಕಿರಿದು ಮಾಡಿ, ಗೋಡೆಯ ಬಳಿಯ ಮೆಶ್ ಪರಿಶೀಲಿಸಿ. ಮುಂದೆ ಯಾವ ಸಿಮ್ಯುಲೇಶನ್ ಆರಂಭಿಸುವ ಮೊದಲೂ ರೆನಾಲ್ಡ್ಸ್ ಸಂಖ್ಯೆಯನ್ನು ಕೈಯಾರೆ ಲೆಕ್ಕ ಹಾಕಿಕೊಳ್ಳಿ.