ಫೋನಿನ ಮೂಲೆಯಲ್ಲಿ ಕಾಣುವ 2ಜಿ, 4ಜಿ, 5ಜಿ

ಮೊಬೈಲ್ ಪರದೆಯ ಮೇಲ್ತುದಿಯಲ್ಲಿ, ಸಿಗ್ನಲ್ ಕಡ್ಡಿಗಳ ಪಕ್ಕ, ಪೇಟೆಯಲ್ಲಿದ್ದರೆ 5ಜಿ ಎಂದೋ 4ಜಿ ಎಂದೋ ಕಾಣುತ್ತದೆ. ಊರಾಚೆ ಹೋದರೆ ಕೆಲವು ಕಡೆ ಬರೀ ‘ಇ’ ಉಳಿಯುತ್ತದೆ. ಇವೆಲ್ಲ ಮೊಬೈಲ್ ಜಾಲದ ಬೇರೆ ಬೇರೆ ತಲೆಮಾರುಗಳ ಗುರುತು. ಹೊಸ ತಲೆಮಾರು ಬಂದಾಗಲೆಲ್ಲ ವೇಗದ ಸುದ್ದಿಯೇ ಜೋರು. ಹೊಸದಾಗಿ ಕಲಿಯುವವರು ಅದನ್ನು ಸ್ವಲ್ಪ ಬದಿಗಿಟ್ಟು, ನಾವಾಡಿದ ಮಾತು ಆ ಕಡೆಯವರಿಗೆ ಹೇಗೆ ತಲುಪುತ್ತದೆ ಎಂದು ಕೇಳಿಕೊಳ್ಳಲಿ. ಉಳಿದದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ.

ಮೊದಲ ತಲೆಮಾರು ಶುರುವಾದದ್ದು 1979ರಲ್ಲಿ, ಟೋಕಿಯೋದಲ್ಲಿ. ದನಿಯ ಏರಿಳಿತವನ್ನು ಹಾಗೆಯೇ ರೇಡಿಯೋ ಅಲೆಗೆ ಏರಿಸಿ ಕಳಿಸುತ್ತಿದ್ದರು; ತಕ್ಕ ರಿಸೀವರ್ ಇದ್ದವರು ಕದ್ದು ಕೇಳಬಹುದಿತ್ತು. ನಮ್ಮ ದೇಶ ನೇರವಾಗಿ ಎರಡನೆಯದಕ್ಕೇ ಬಂತು. 1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಆಗಿನ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಕಲ್ಕತ್ತೆಯಿಂದ ದೆಹಲಿಯಲ್ಲಿದ್ದ ಕೇಂದ್ರ ಸಚಿವ ಸುಖರಾಮ್ ಅವರಿಗೆ ಮಾಡಿದ ಮೊದಲ ಮೊಬೈಲ್ ಕರೆ 2ಜಿಯದು.

2ಜಿಯಲ್ಲಿ ದನಿ ಸೊನ್ನೆ-ಒಂದುಗಳ ಅಂಕಿಗಳಾಗುತ್ತದೆ. ಜೊತೆಗೆ ಬಂದದ್ದು ಎಸ್ಸೆಮ್ಮೆಸ್. ಒಂದು ಸಂದೇಶದಲ್ಲಿ ಇಂಗ್ಲಿಷಿನ 160 ಅಕ್ಷರ ಹಿಡಿದರೆ ಕನ್ನಡಕ್ಕೆ ಸಿಗುವುದು 70 ಮಾತ್ರ. ಅದರಲ್ಲೂ ಒತ್ತು, ಗುಣಿತಗಳಿಗೆ ಬೇರೆ ಲೆಕ್ಕ: ‘ಸ್ತ್ರೀ’ ಎಂದು ಬರೆದರೆ ಆರು ಕಳೆಯಿತು. ಕನ್ನಡದಲ್ಲಿ ಬರೆಯುವವರಿಗೆ ಇದು ನಿಜಕ್ಕೂ ನಷ್ಟದ ಬಾಬತ್ತೇ ಆಗಿತ್ತು.

ಈಗ ಮುಖ್ಯ ವಿಷಯ. 2ಜಿ ಕರೆಗೆ ಜಾಲದಲ್ಲಿ ಒಂದು ಹಾದಿಯನ್ನು ಮೀಸಲಿಡುತ್ತಾರೆ. ಮದುವೆಗೆ ಇಡೀ ಬಸ್ಸನ್ನೇ ಗೊತ್ತುಮಾಡಿದ ಹಾಗೆ. ನಾವು ಸುಮ್ಮನಿದ್ದರೂ ಆ ಜಾಗಕ್ಕೆ ಬೇರೆಯವರು ಹತ್ತುವಂತಿಲ್ಲ. ಇಂಟರ್ನೆಟ್ ಮಾಹಿತಿ ಮಾತ್ರ ಚೂರುಚೂರಾಗಿ, ಖಾಲಿ ಸಿಕ್ಕಲ್ಲಿ ತೂರಿಕೊಂಡು ಹೋಗುತ್ತದೆ. 2ಜಿಗೆ ಈ ಸೌಕರ್ಯವನ್ನು ಆಮೇಲೆ ಜೋಡಿಸಿದರು. ‘ಇ’ ಅದರದೇ ಗುರುತು. 2008ರ ಕೊನೆಗೆ ಭಾರತಕ್ಕೆ ಬಂದ 3ಜಿ ಇಂಟರ್ನೆಟ್ಟನ್ನು ಚುರುಕಾಗಿಸಿತು, ಮಾತಿನ ಮೀಸಲು ಹಾದಿಯನ್ನು ಉಳಿಸಿಕೊಂಡಿತು.

4ಜಿ ಆ ಮೀಸಲನ್ನೇ ತೆಗೆದುಹಾಕಿತು. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಬದಲಾವಣೆ ಇದೇ. ಮಾತೂ ಚೂರುಗಳಾಗಿಯೇ ಹೋಗಬೇಕು. ಆ ವ್ಯವಸ್ಥೆಯ ಹೆಸರು ವೋಲ್ಟಿ. ಅದು ಇಲ್ಲದ ಕಡೆ, ಕರೆ ಬಂದೊಡನೆ ಫೋನು 3ಜಿಗೋ 2ಜಿಗೋ ಇಳಿಯುತ್ತದೆ. 2016ರಲ್ಲಿ ಸೇವೆ ಆರಂಭಿಸಿದ ಜಿಯೋಗೆ ಹಾಗೆ ಇಳಿಯಲು ಹಳೆಯ ಜಾಲವೇ ಇಲ್ಲ. ಹಾಗಾಗಿ ಅದರಲ್ಲಿ ನೇರ ಕರೆ ಮಾಡಲು ವೋಲ್ಟಿ ಇರುವ ಫೋನೇ ಬೇಕು.

5ಜಿ ಭಾರತಕ್ಕೆ 2022ರ ಅಕ್ಟೋಬರ್‌ನಲ್ಲಿ ಬಂತು. ಮೊದಲು ಸಿಕ್ಕ ನಗರಗಳಲ್ಲಿ ಬೆಂಗಳೂರೂ ಒಂದು. ಇದಕ್ಕೆ ಹೆಚ್ಚಾಗಿ ಬಳಸುವುದು 3300 ಮೆಗಾಹರ್ಟ್ಸ್ ಆಸುಪಾಸಿನ ಅಲೆಗಳನ್ನು. ಅವು ಅಪಾರ ಮಾಹಿತಿ ಹೊರುತ್ತವೆ, ಆದರೆ ದೂರ ಹೋಗಲಾರವು, ಗೋಡೆ ದಾಟುವಾಗ ಸೊರಗುತ್ತವೆ. 2ಜಿಯ 900 ಮೆಗಾಹರ್ಟ್ಸ್ ಅಲೆ ಬಹಳ ದೂರ ಮುಟ್ಟುತ್ತದೆ. ಊರಲ್ಲಿರುವ ಅಪ್ಪ-ಅಮ್ಮನಿಗೆ ಫೋನು ಕೊಳ್ಳುವಾಗ ಬರೀ 5ಜಿ ಇದೆಯೇ ಎಂದು ಕೇಳಿದರೆ ಸಾಲದು. ಅವರ ಮನೆಯೊಳಗೆ ಯಾವ ಕಂಪನಿಯ ಯಾವ ಜಾಲ ಸಿಗುತ್ತದೆ, ಫೋನಿನಲ್ಲಿ ವೋಲ್ಟಿ ಇದೆಯೇ ಎಂದು ಮೊದಲು ವಿಚಾರಿಸಿ.