ಹಿಮದ ನಾಡಿನಲ್ಲಿ ಮೋಟಾರು ಗಾಡಿಯ ಚಳಿಗಾಲದ ನಿದ್ರೆ



ಮುಂಬಯಿಯಲ್ಲಿ ವಾಸಿಸುವ ನಮಗೆ ಚಳಿಗಾಲವೆಂದರೆ ಬೆಳಗಿನ ಜಾವದಲ್ಲಿ ಹೊದಿಕೆಯನ್ನು ಇನ್ನಷ್ಟು ಎಳೆದುಕೊಳ್ಳುವ ಕಾಲ, ಅಷ್ಟೆ. ಬೀದಿಯ ಬದಿಯಲ್ಲಿ ನಿಂತ ಮೋಟಾರು ಗಾಡಿಗೆ ಇಲ್ಲಿ ಮಳೆಗಾಲದ ಭಯವುಂಟೇ ಹೊರತು ಚಳಿಯ ಭಯವಿಲ್ಲ. ಆದರೆ ಕೆನಡಾ ದೇಶದ ವಿನಿಪೆಗ್ ನಗರದಲ್ಲಿ ಜನವರಿಯ ರಾತ್ರಿಗಳಲ್ಲಿ ಉಷ್ಣಮಾನವು ಸೊನ್ನೆಯಿಂದ 30 ಅಂಶ ಸೆಂಟಿಗ್ರೇಡಿನಷ್ಟು ಕೆಳಗಿಳಿಯುವುದು ಅಪರೂಪವಲ್ಲ. ಅಂಥ ನಾಡಿನಲ್ಲಿ ಗಾಡಿಯನ್ನು ಹೊರಗೆ ಬಯಲಿನಲ್ಲಿ ನಾಲ್ಕು ತಿಂಗಳು ನಿಲ್ಲಿಸಿ ಹೋಗಬೇಕಾದರೆ ಏನು ಮಾಡಬೇಕು? ಈ ಪ್ರಶ್ನೆಗೆ ಉತ್ತರವು ನಿಮ್ಮ ವಿಜ್ಞಾನದ ಪಾಠಗಳಲ್ಲಿಯೇ ಅಡಗಿದೆ.

ವಿಜಯಪುರ ಜಿಲ್ಲೆಯ ಹಳ್ಳಿಯ ಕನ್ನಡ ಶಾಲೆಯಲ್ಲಿ ನನ್ನ ಪಕ್ಕದಲ್ಲಿ ಕುಳಿತು ಓದಿದ ಗೆಳೆಯನೊಬ್ಬನು ಈಗ ಆ ನಗರದಲ್ಲಿ ಕೆಲಸದಲ್ಲಿದ್ದಾನೆ. ಒಂದು ವರುಷ ನವೆಂಬರಿನ ಮೊದಲಲ್ಲಿ, ಊರಿನಲ್ಲಿ ತಂದೆಯವರು ಹಾಸಿಗೆ ಹಿಡಿದಿದ್ದಾರೆಂಬ ಸುದ್ದಿ ಬಂದೊಡನೆ, ಗಾಡಿಯನ್ನು ಮನೆಯ ಹಿಂದಿನ ಹುಲ್ಲಿನ ಮೇಲೆ ನಿಲ್ಲಿಸಿ, ಪ್ಲಾಸ್ಟಿಕ್ ತಾಡಪಲ್ಲೊಂದನ್ನು ಹೊದಿಸಿ ಹೊರಟುಬಂದನು. ತಂದೆಯವರ ಕೊನೆಯ ದಿನಗಳಲ್ಲಿ ಜೊತೆಗಿದ್ದು, ಕರ್ಮಾಂತರಗಳನ್ನು ಮುಗಿಸಿ, ಮಾರ್ಚಿಯಲ್ಲಿ ಹಿಂದಿರುಗಿದಾಗ ಗಾಡಿಯ ಬ್ಯಾಟರಿ ಒಡೆದಿತ್ತು, ರೇಡಿಯೇಟರು ಸೀಳಿತ್ತು, ಆಸನದೊಳಗೆ ಇಲಿಗಳು ಮನೆ ಮಾಡಿದ್ದವು. ಕೆಲಸದ ಸ್ಥಳವು ಊರ ಹೊರಗೆ, ಗಾಡಿಯಿಲ್ಲದೆ ಹೋಗುವಂತಿಲ್ಲ. ಮೊದಲೇ ಖರ್ಚಾಗಿ ಬಂದವನಿಗೆ ದುರಸ್ತಿಯ ಹೊರೆಯೂ ಬಿತ್ತು. ಅವನು ನನಗೆ ಬರೆದ ಮಾತು ಇದು: “ನೀರು ಹೆಪ್ಪುಗಟ್ಟಿದರೆ ಹಿಗ್ಗುತ್ತದೆಂದು ಗುರುಗಳು ಹೇಳಿದ್ದು ನನಗೆ ಮರೆತಿರಲಿಲ್ಲ. ಅದು ಪರೀಕ್ಷೆಯ ಮಾತೆಂದು ತಿಳಿದಿದ್ದೆ.”

ಈಗ ಒಂದೊಂದನ್ನಾಗಿ ವಿಚಾರಿಸೋಣ.

1. ಎಂಜಿನಿನ ನೀರು

ಓಡುವ ಎಂಜಿನನ್ನು ತಣಿಸಲು ಅದರ ಗೋಡೆಗಳ ನಡುವೆಯೂ ರೇಡಿಯೇಟರಿನಲ್ಲಿಯೂ ದ್ರವವೊಂದು ಸುತ್ತುತ್ತಿರುತ್ತದೆ. ಅದು ಬರಿಯ ನೀರಾಗಿದ್ದರೆ, ಹೆಪ್ಪುಗಟ್ಟುವಾಗ 100 ಪಾಲು ನೀರು ಸುಮಾರು 109 ಪಾಲು ಮಂಜುಗಡ್ಡೆಯಾಗುತ್ತದೆ. ಈ ಒಂಬತ್ತು ಪಾಲಿಗೆ ಸ್ಥಳವಿಲ್ಲದಿದ್ದರೆ ಎರಕದ ಕಬ್ಬಿಣವೂ ಸೀಳುತ್ತದೆ. ಆದುದರಿಂದ ನೀರಿಗೆ ಎಥಿಲೀನ್ ಗ್ಲೈಕಾಲ್ ಎಂಬ ದ್ರವವನ್ನು ಬೆರೆಸುತ್ತಾರೆ. ಇಲ್ಲೊಂದು ವಿಸ್ಮಯವುಂಟು. ಬರಿಯ ನೀರು ಸೊನ್ನೆಯಲ್ಲಿ ಹೆಪ್ಪುಗಟ್ಟುತ್ತದೆ. ಬರಿಯ ಗ್ಲೈಕಾಲ್ ಸೊನ್ನೆಯ ಕೆಳಗೆ ಸುಮಾರು 13 ಅಂಶದಲ್ಲಿ ಹೆಪ್ಪುಗಟ್ಟುತ್ತದೆ. ಎರಡನ್ನೂ ಸಮಪಾಲಿನಲ್ಲಿ ಬೆರೆಸಿದರೆ ಸೊನ್ನೆಯ ಕೆಳಗೆ ಸುಮಾರು 37 ಅಂಶದವರೆಗೆ ಹೆಪ್ಪುಗಟ್ಟದು! ಒಂದರ ಕಣಗಳು ಇನ್ನೊಂದರ ಕಣಗಳು ಸಾಲುಗೂಡಿ ಹರಳಾಗುವುದಕ್ಕೆ ಅಡ್ಡಿಯಾಗುವುದೇ ಇದಕ್ಕೆ ಕಾರಣ. ಹಾಗೆಂದು ಗ್ಲೈಕಾಲನ್ನು ಹೆಚ್ಚಿಸಿದಷ್ಟೂ ಒಳ್ಳೆಯದೆಂದು ತಿಳಿಯಬಾರದು. ಮಿತಿ ಮೀರಿದರೆ ಗುಣವು ಮತ್ತೆ ಕುಗ್ಗುತ್ತದೆ. ನನ್ನ ಗೆಳೆಯನು ಬೇಸಗೆಯಲ್ಲಿ ದ್ರವ ಕಡಿಮೆಯಾದಾಗಲೆಲ್ಲ ಬರಿಯ ನೀರನ್ನೇ ಸುರಿದು ಮಿಶ್ರಣವನ್ನು ತೆಳುವಾಗಿಸಿದ್ದನು. ಈ ದ್ರವವು ರುಚಿಗೆ ಸಿಹಿ, ಆದರೆ ಕಡುವಿಷ. ಮಕ್ಕಳಿಗೂ ಪ್ರಾಣಿಗಳಿಗೂ ಎಟುಕದಂತೆ ಇಡತಕ್ಕದ್ದು.

2. ಬ್ಯಾಟರಿ

ಬ್ಯಾಟರಿಯಲ್ಲಿ ಸೀಸದ ಫಲಕಗಳೂ ನೀರು ಬೆರೆತ ಗಂಧಕಾಮ್ಲವೂ ಇರುತ್ತವೆ. ವಿದ್ಯುತ್ತು ತುಂಬಿದ್ದಾಗ ಆಮ್ಲವು ಗಾಢವಾಗಿದ್ದು ಸೊನ್ನೆಯ ಕೆಳಗೆ 50 ಅಂಶಕ್ಕೂ ಹೆಪ್ಪುಗಟ್ಟದು. ವಿದ್ಯುತ್ತು ಬರಿದಾದಂತೆ ಆಮ್ಲವು ಫಲಕಗಳಿಗೆ ಸೇರಿಹೋಗಿ, ಉಳಿಯುವುದು ಬಹುಮಟ್ಟಿಗೆ ನೀರೇ. ಅದು ಸೊನ್ನೆಯ ಕೆಳಗೆ 10 ಅಂಶದ ಸುಮಾರಿಗೇ ಗಡ್ಡೆಯಾಗಿ ಪೆಟ್ಟಿಗೆಯನ್ನು ಒಡೆಯುತ್ತದೆ. ನಿಂತ ಗಾಡಿಯಲ್ಲಿ ವಿದ್ಯುತ್ತು ಬರಿದಾಗುವುದೇಕೆ? ಗಡಿಯಾರ, ಕಳ್ಳಗಂಟೆ ಮೊದಲಾದವು ರಾತ್ರಿಹಗಲು ತುಸುತುಸುವಾಗಿ ಅದನ್ನು ಹೀರುತ್ತಲೇ ಇರುತ್ತವೆ. ಆದುದರಿಂದ ಬ್ಯಾಟರಿಯನ್ನು ಕಳಚಿ ಒಳಗೆ ಒಣ ಸ್ಥಳದಲ್ಲಿಟ್ಟು, ಆಗಾಗ ವಿದ್ಯುತ್ತು ತುಂಬಿಸಬೇಕು. ಕಳಚುವಾಗ ಮೊದಲು ಋಣ ತಂತಿಯನ್ನು ಬಿಚ್ಚಬೇಕು. ಗಾಡಿಯ ಲೋಹದ ಮೈಯೆಲ್ಲ ಋಣ ತುದಿಗೇ ಸೇರಿರುವುದರಿಂದ, ಧನ ತುದಿಯನ್ನು ಮೊದಲು ಬಿಚ್ಚುವಾಗ ಪಾನಾ ಮೈಗೆ ತಗಲಿದರೆ ಕಿಡಿ ಹಾರುತ್ತದೆ. ಹೆಪ್ಪುಗಟ್ಟಿದ ಬ್ಯಾಟರಿಗೆ ಎಂದಿಗೂ ವಿದ್ಯುತ್ತು ತುಂಬಿಸಬಾರದು, ಅದು ಸಿಡಿಯಬಹುದು.

3. ಎಣ್ಣೆ ಮತ್ತು ಪೆಟ್ರೋಲು

ಓಡಿದ ಎಂಜಿನಿನ ಹಳೆಯ ಎಣ್ಣೆಯಲ್ಲಿ ಆಮ್ಲಗಳೂ ನೀರೂ ಸೇರಿರುತ್ತವೆ. ತಿಂಗಳುಗಟ್ಟಲೆ ಬಿಟ್ಟರೆ ಅವು ಲೋಹವನ್ನು ಕೊರೆಯುತ್ತವೆ. ಆದುದರಿಂದ ನಿಲ್ಲಿಸುವ ಮೊದಲೇ ಹೊಸ ಎಣ್ಣೆಯನ್ನು ಹಾಕಿಸುವುದು ಕ್ರಮ. ಪೆಟ್ರೋಲಿನ ತೊಟ್ಟಿಯನ್ನು ತುಂಬಿಸಿಡಬೇಕು; ಖಾಲಿ ಉಳಿದ ಜಾಗದ ಗಾಳಿಯಲ್ಲಿರುವ ನೀರಾವಿಯು ತಣ್ಣಗಾಗಿ ಹನಿಗಟ್ಟುತ್ತದೆ. ಪೆಟ್ರೋಲು ಸಹ ಗಾಳಿಯ ಆಮ್ಲಜನಕದೊಡನೆ ಕೂಡಿ ಕಾಲಕ್ರಮದಲ್ಲಿ ಅಂಟಾಗುತ್ತದೆ. ಇದನ್ನು ತಡೆಯುವ ರಾಸಾಯನಿಕವನ್ನು ಬೆರೆಸಿ, ಅದು ಎಲ್ಲ ನಳಿಕೆಗಳಿಗೂ ತಲುಪುವಂತೆ ಕೆಲವು ನಿಮಿಷ ಎಂಜಿನನ್ನು ಓಡಿಸುತ್ತಾರೆ.

ವಾರಕ್ಕೊಮ್ಮೆ ಐದು ನಿಮಿಷ ಎಂಜಿನನ್ನು ಓಡಿಸಿದರೆ ಗಾಡಿಗೆ ಹಿತವೆಂದು ಹಲವರು ನಂಬುತ್ತಾರೆ. ಇದು ತಪ್ಪು. ಪೆಟ್ರೋಲಿನಲ್ಲಿರುವ ಜಲಜನಕವು ಉರಿದಾಗ ನೀರಾಗುತ್ತದೆ. ಒಂದು ಲೀಟರು ಪೆಟ್ರೋಲು ಉರಿದರೆ ಹೆಚ್ಚುಕಡಿಮೆ ಒಂದು ಲೀಟರು ನೀರು ಹುಟ್ಟುತ್ತದೆ. ಎಂಜಿನು ಚೆನ್ನಾಗಿ ಕಾಯುವ ಮೊದಲೇ ನಿಲ್ಲಿಸಿದರೆ ಆ ನೀರೆಲ್ಲ ಹೊಗೆಕೊಳವೆಯಲ್ಲಿಯೂ ಎಣ್ಣೆಯಲ್ಲಿಯೂ ಉಳಿದು ತುಕ್ಕಿಗೆ ದಾರಿಯಾಗುತ್ತದೆ.

4. ಚಕ್ರ ಮತ್ತು ಬ್ರೇಕು

ತಣ್ಣಗಾದ ಗಾಳಿಯ ಒತ್ತಡ ಇಳಿಯುತ್ತದೆಂಬುದು ನಿಮಗೆ ಗೊತ್ತು. 20 ಅಂಶ ಉಷ್ಣಮಾನದಲ್ಲಿ ಟಯರಿನ ಮಾಪಕವು 32 ಪೌಂಡು ತೋರಿಸಿದ್ದರೆ, ಸೊನ್ನೆಯ ಕೆಳಗೆ 30 ಅಂಶದಲ್ಲಿ, ಎಲ್ಲಿಯೂ ಸೋರದೆಯೇ, ಅದು 24 ಪೌಂಡಿನ ಸುಮಾರಿಗೆ ಇಳಿಯುತ್ತದೆ. ಗಾಳಿ ಕಡಿಮೆಯಾದ ಟಯರು ಒಂದೇ ಭಂಗಿಯಲ್ಲಿ ನಿಂತರೆ ನೆಲಕ್ಕೆ ತಾಗಿದ ಭಾಗ ಚಪ್ಪಟೆಯಾಗುತ್ತದೆ. ಆದುದರಿಂದ ತಯಾರಕರು ಅನುಮತಿಸಿದ ಮಿತಿಯೊಳಗೆ ತುಸು ಹೆಚ್ಚು ಗಾಳಿ ತುಂಬಿಸುತ್ತಾರೆ. ಕೈಬ್ರೇಕನ್ನು ಹಾಕಿಡಬಾರದು, ತೇವದಿಂದಲೂ ತುಕ್ಕಿನಿಂದಲೂ ಅದು ಹಿಡಿದುಕೊಂಡರೆ ಬಿಡಿಸುವುದು ಕಷ್ಟ. ಅದಕ್ಕೆ ಬದಲಾಗಿ ಸಮನೆಲದಲ್ಲಿ ನಿಲ್ಲಿಸಿ, ಗಿಯರಿನಲ್ಲಿಟ್ಟು, ಚಕ್ರಗಳಿಗೆ ಮರದ ತುಂಡುಗಳ ಒತ್ತು ಕೊಡಬೇಕು.

5. ಮೈ ಮತ್ತು ಹೊದಿಕೆ

ಹಿಮದ ನಾಡಿನಲ್ಲಿ ರಸ್ತೆಯ ಮಂಜನ್ನು ಕರಗಿಸಲು ಉಪ್ಪನ್ನು ಚೆಲ್ಲುತ್ತಾರೆ. ಗ್ಲೈಕಾಲ್ ಮಾಡುವ ಕೆಲಸವನ್ನೇ ಇಲ್ಲಿ ಉಪ್ಪು ಮಾಡುತ್ತದೆ. ಆದರೆ ಉಪ್ಪುನೀರು ಕಬ್ಬಿಣಕ್ಕೆ ಶತ್ರು. ಕಡಲ ಗಾಳಿಗೆ ನಮ್ಮ ಕಿಟಕಿಯ ಸರಳುಗಳು ಎಷ್ಟು ಬೇಗ ತುಕ್ಕು ಹಿಡಿಯುತ್ತವೆಂಬುದನ್ನು ನೀವು ನಿತ್ಯವೂ ಕಾಣುತ್ತೀರಿ. ಆದುದರಿಂದ ನಿಲ್ಲಿಸುವ ಮೊದಲು ಗಾಡಿಯನ್ನು, ವಿಶೇಷವಾಗಿ ಅದರ ತಳಭಾಗವನ್ನು, ತೊಳೆದು ಒಣಗಿಸಿ, ಮೈಗೆ ಮೇಣ ಹಚ್ಚಬೇಕು. ಹುಲ್ಲಿನ ಮೇಲೆ ನಿಲ್ಲಿಸಿದರೆ ನೆಲದ ತೇವವು ಸದಾ ಮೇಲೇರುತ್ತಿರುತ್ತದೆ. ಜಲ್ಲಿ ಅಥವಾ ಕಾಂಕ್ರೀಟು ಹಾಸಿದ ನೆಲವೇ ಮೇಲು. ಪ್ಲಾಸ್ಟಿಕ್ ಹೊದಿಕೆಯು ಹೊರಗಿನ ನೀರನ್ನು ತಡೆಯುವಂತೆ ಒಳಗಿನ ತೇವವನ್ನೂ ಹೊರಬಿಡದು. ಗಾಳಿಗೆ ಬಡಿದಾಡಿ ಬಣ್ಣವನ್ನೂ ಉಜ್ಜುತ್ತದೆ. ಆವಿಯು ಹೊರಹೋಗುವಂಥ ಬಟ್ಟೆಯ ಹೊದಿಕೆಯನ್ನು ಬಿಗಿಯಾಗಿ ಕಟ್ಟಬೇಕು.

6. ಇಲಿಗಳು

ಚಳಿಗೆ ಬೆದರಿದ ಇಲಿಗೆ ನಿಂತ ಗಾಡಿಗಿಂತ ಒಳ್ಳೆಯ ಮನೆಯುಂಟೆ? ಅದು ಆಸನದ ಮೆತ್ತೆಯಿಂದ ಹಾಸಿಗೆ ಮಾಡಿಕೊಂಡು, ತಂತಿಗಳ ಹೊದಿಕೆಯನ್ನು ಕಡಿಯುತ್ತದೆ. ತಿಂಡಿಯ ಚೂರೊಂದನ್ನೂ ಒಳಗೆ ಬಿಡಬಾರದು. ಗಾಳಿಯನ್ನೆಳೆಯುವ ಬಾಯಿಯನ್ನೂ ಹೊಗೆಕೊಳವೆಯ ಬಾಯಿಯನ್ನೂ ಉಕ್ಕಿನ ನಾರಿನಿಂದ ಮುಚ್ಚಬೇಕು. ಮುಚ್ಚಿದ್ದನ್ನು ಮರೆತು ಎಂಜಿನನ್ನು ಹೊರಡಿಸಿದರೆ ಅನಾಹುತವಾದೀತು; ಆದುದರಿಂದ ಚಾಲಕನ ಚಕ್ರಕ್ಕೆ ಕೆಂಪು ಬಟ್ಟೆಯೊಂದನ್ನು ಕಟ್ಟಿಡುವುದು ಜಾಣತನ.

ವಸಂತದಲ್ಲಿ ಗಾಡಿಯನ್ನು ಎಬ್ಬಿಸುವಾಗ ಈ ಕೆಲಸಗಳನ್ನೇ ಹಿಂದುಮುಂದಾಗಿ ಮಾಡಬೇಕು: ಮೊದಲು ಮುಚ್ಚಿದ ಬಾಯಿಗಳನ್ನು ತೆರೆದು, ತಂತಿಗಳನ್ನೂ ದ್ರವಗಳನ್ನೂ ಪರೀಕ್ಷಿಸಿ, ಟಯರಿನ ಗಾಳಿಯನ್ನು ಸರಿಪಡಿಸಿ, ಧನ ತಂತಿಯನ್ನು ಮೊದಲೂ ಋಣ ತಂತಿಯನ್ನು ಅನಂತರವೂ ಜೋಡಿಸಿ, ಮೆಲ್ಲಗೆ ಓಡಿಸುತ್ತ ಬ್ರೇಕನ್ನು ನೋಡಿಕೊಳ್ಳಬೇಕು.

ಮಕ್ಕಳೇ, ನೀವೆಲ್ಲರೂ ಕೆನಡಾ ದೇಶಕ್ಕೆ ಹೋಗುವಿರೆಂದು ನಾನು ಇದನ್ನು ಬರೆಯಲಿಲ್ಲ. “ಕನ್ನಡದಲ್ಲಿ ಕಲಿತ ವಿಜ್ಞಾನ ಎಲ್ಲಿ ಉಪಯೋಗಕ್ಕೆ ಬರುತ್ತದೆ?” ಎಂದು ನಿಮ್ಮನ್ನು ಕೇಳುವವರಿದ್ದಾರೆ, ನನ್ನನ್ನೂ ಕೇಳಿದ್ದರು. ನೀರು ಯಾವ ಭಾಷೆಯವರ ರೇಡಿಯೇಟರಿನಲ್ಲಿದ್ದರೂ ಒಂದೇ ರೀತಿಯಲ್ಲಿ ಹಿಗ್ಗುತ್ತದೆ. ನನ್ನ ಗೆಳೆಯನಿಗೆ ನಷ್ಟವಾದದ್ದು ಕನ್ನಡದಲ್ಲಿ ಕಲಿತದ್ದರಿಂದಲ್ಲ. ಕಲಿತದ್ದನ್ನು ಪುಸ್ತಕದಲ್ಲಿಯೇ ಬಿಟ್ಟುಬಂದದ್ದರಿಂದ. ಮರುವರುಷ ತಾಯಿಯವರನ್ನು ನೋಡಲು ಊರಿಗೆ ಬರುವ ಮುನ್ನ ಮೇಲಿನದೆಲ್ಲವನ್ನೂ ತಾನೇ ತನ್ನ ಕೈಯಾರೆ ಮಾಡಿದನು. ಹಿಂದಿರುಗಿದ ದಿನ ಗಾಡಿಯು ಮೊದಲ ತಿರುವಿಗೇ ಎಚ್ಚರಗೊಂಡಿತಂತೆ.

ಅಭ್ಯಾಸ

1. ಎರಡು ಪ್ಲಾಸ್ಟಿಕ್ ಲೋಟಗಳಲ್ಲಿ ಅರ್ಧದಷ್ಟು ನೀರು ತುಂಬಿ, ಒಂದಕ್ಕೆ ಎರಡು ಚಮಚ ಉಪ್ಪನ್ನು ಕರಗಿಸಿ, ನೀರಿನ ಮಟ್ಟವನ್ನು ಗುರುತಿಸಿ, ಮನೆಯವರ ಅನುಮತಿ ಪಡೆದು ಶೀತಪೆಟ್ಟಿಗೆಯ ಮಂಜಿನ ಅರೆಯಲ್ಲಿಡಿರಿ. ಯಾವುದು ಮೊದಲು ಗಟ್ಟಿಯಾಯಿತು? ಮಟ್ಟವು ಎಷ್ಟು ಏರಿತು? ಗಾಜಿನ ಪಾತ್ರೆಯನ್ನು ಬಳಸಬೇಡಿರಿ. ಏಕೆಂಬುದನ್ನು ನೀವೇ ಹೇಳಿರಿ.
2. ಬರಿದಾದ ಬ್ಯಾಟರಿಯು ತುಂಬಿದ ಬ್ಯಾಟರಿಗಿಂತ ಬೇಗ ಹೆಪ್ಪುಗಟ್ಟುವುದೇಕೆ?
3. ನಿಮ್ಮ ಬೀದಿಯಲ್ಲಿ ಮಳೆಗಾಲವಿಡೀ ನಿಲ್ಲುವ ಗಾಡಿಗೆ ಮೇಲಿನ ಯಾವ ಯಾವ ಎಚ್ಚರಿಕೆಗಳು ಅನ್ವಯಿಸುತ್ತವೆ, ಯಾವುವು ಅನ್ವಯಿಸುವುದಿಲ್ಲ? ಕಾರಣಸಹಿತ ಬರೆಯಿರಿ.